ಖಾನಾಪುರದ ಮಡುವಿಗೆ ಬಂದ ಶಾರ್ಕ್

ನನ್ನ ಎಡ ತೋಳಿನ ಹೊರಬದಿಯಲ್ಲಿ, ಮೊಣಕೈಯಿಂದ ಭುಜದ ತನಕ, ಅಂಗೈ ಅಗಲದಷ್ಟು ಜಾಗದಲ್ಲಿ ಕೂದಲು ಹುಟ್ಟುವುದಿಲ್ಲ. ಅಲ್ಲಿನ ಚರ್ಮ ಸುಟ್ಟು ಮಾಯ್ದಂತೆ ನುಣ್ಣಗೆ ಹೊಳೆಯುತ್ತದೆ. ನೋಡಿದವರು ಗಾಡಿಯಿಂದ ಬಿದ್ದಿದ್ದಿರಾ ಎಂದು ಕೇಳುತ್ತಾರೆ. ಹೌದು ಎಂದುಬಿಡುತ್ತೇನೆ. ನಿಜ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಹೆಂಡತಿಯನ್ನು ಬದಿಗೆ ಕರೆದು ಏನೋ ವಿಚಾರಿಸುತ್ತಾರೆ.

ನೀವೂ ನಗಬಹುದು. ಆದರೆ ಆ ರಾತ್ರಿ ಮಲಪ್ರಭೆಯ ದಂಡೆಯಲ್ಲಿ ಹಗ್ಗ ಹಿಡಿದು ನಿಂತವರಲ್ಲಿ ಇಬ್ಬರು ಇನ್ನೂ ಬದುಕಿದ್ದೇವೆ. ಒಬ್ಬ ನಾನು. ಇನ್ನೊಬ್ಬರು ನನ್ನೊಬ್ಬನ ಹೊರತು ಯಾರ ಮುಂದೆಯೂ ಆ ಮಾತು ಎತ್ತುವುದಿಲ್ಲ.

ನಾನು ಬೆಳಗಾವಿಯ ಶಹಾಪುರದವನು. ಮನೆಯಲ್ಲಿ ಎರಡು ಮಗ್ಗಗಳಿದ್ದವು. ಅಪ್ಪ, ಕಾಕಾ ಎಲ್ಲರೂ ಸೀರೆ ನೇಯ್ದವರು. ನನಗೆ ಮಾತ್ರ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವುದು ಆಗದು. ಓಣಿಯ ಹಿಂದಿನ ಬಾವಿಯಲ್ಲಿ ಈಸು ಕಲಿತಿದ್ದೆ. ಹೆಂಗಸರು ಬೀಳಿಸಿದ ಕೊಡ, ತಂಬಿಗೆಗಳನ್ನು ತಳಕ್ಕೆ ಹೋಗಿ ತಂದುಕೊಡುವುದೇ ನನ್ನ ಹುಚ್ಚು.

ಒಂದು ದಿನ ಖಾನಾಪುರದ ದಸ್ತಗೀರ್ ಎಂಬಾತ ತನ್ನ ಮದುವೆಗೆ ಸೀರೆ ಒಯ್ಯಲು ನಮ್ಮ ಮನೆಗೆ ಬಂದ. ನನಗಿಂತ ಆರು ವರ್ಷ ದೊಡ್ಡವನು. ಅಗಲವಾದ ಎದೆ, ಸಣ್ಣ ದನಿ. ಬಾವಿಯ ಕಟ್ಟೆಯ ಮೇಲೆ ಕುಳಿತು ನಾನು ಮುಳುಗಿ ಏಳುವುದನ್ನು ನೋಡುತ್ತಲೇ ಇದ್ದ. ಕಡೆಗೆ ಕೇಳಿದ:

"ಏನಪಾ, ಸಮುದ್ರ ನೋಡೀಯೇನು?"

"ಇಲ್ಲರಿ."

"ಬಾ ಹಂಗಾದ್ರ."

ಹೀಗೆ ನಾನು ಕಾರವಾರಕ್ಕೆ ಹೋದೆ. ಎಪ್ಪತ್ತರ ದಶಕದ ಮಾತು. ಅಲ್ಲಿ ಒಬ್ಬ ಗುತ್ತಿಗೆದಾರನ ಹತ್ತಿರ ದಸ್ತಗೀರಣ್ಣ ನೀರಿನೊಳಗಿನ ಕೆಲಸ ಮಾಡುತ್ತಿದ್ದ. ಮುಳುಗಿದ ದೋಣಿಗಳಿಗೆ ಸರಪಳಿ ಹಾಕುವುದು, ಹಡಗಿನ ಫ್ಯಾನಿಗೆ ಸುತ್ತಿದ ಬಲೆ ಕತ್ತರಿಸುವುದು. ಬೆನ್ನಿಗೆ ಗಾಳಿಯ ಸಿಲಿಂಡರ್, ಕಣ್ಣಿಗೆ ಗಾಜು, ಬಾಯಲ್ಲಿ ರಬ್ಬರ್ ಕೊಳವೆ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಮೇಲಿನವರ ಕೈಯಲ್ಲಿ. ನೀರಿನೊಳಗೆ ಮಾತಿಲ್ಲ, ಹಗ್ಗವೇ ಮಾತು. ಒಂದು ಸಲ ಜಗ್ಗಿದರೆ 'ಆರಾಮ ಇದ್ದೇನೆ'. ಮೂರು ಸಲ ಜಗ್ಗಿದರೆ 'ಎಳೆ'. ಎಲ್ಲವನ್ನೂ ಅವನೇ ಕಲಿಸಿದ.

ಶಾರ್ಕಿನ ವಿಷಯವನ್ನೂ ಅವನೇ ಕಲಿಸಿದ. ಮೀನುಗಾರರು ಅದಕ್ಕೆ ಮೋರಿ ಅನ್ನುತ್ತಿದ್ದರು. ಸಣ್ಣವನ್ನು ಎಷ್ಟೋ ಸಲ ನೋಡಿದ್ದೆವು. ಬೀದಿನಾಯಿಯಂತೆ ಬಂದು, ಮೂಸಿ, ಹೋಗುತ್ತಿದ್ದವು.

"ಬೆನ್ನು ತೋರಸಬ್ಯಾಡ," ಅನ್ನುತ್ತಿದ್ದ. "ಓಡಿದಿ ಅಂದ್ರ ಅದು ನಿನ್ನ ಬ್ಯಾಟಿ ಅಂತ ತಿಳ್ಕೋತತಿ. ಮಾರಿಗೆ ಮಾರಿ ಕೊಟ್ಟು ನಿಂದರು."

ಅದೊಂದು ಚಳಿಗಾಲ. ದಂಡೆಯಾಚೆಯ ಒಂದು ದ್ವೀಪದ ಹಿಂದೆ ಮುಳುಗಿದ್ದ ಒಂದು ಹಳೆಯ ದೋಣಿಗೆ ಸರಪಳಿ ಕಟ್ಟಲು ಇಬ್ಬರೂ ಇಳಿದಿದ್ದೆವು. ನೀರು ಗಾಜಿನಂತೆ ತಿಳಿಯಾಗಿತ್ತು. ಸಮುದ್ರದ ತಳದಲ್ಲಿ ಯಾವಾಗಲೂ ಒಂದು ಸದ್ದು ಇರುತ್ತದೆ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಿಟಪಟ ಚಿಟಪಟ... ಸೀಗಡಿಗಳದಂತೆ. ಅದು ನಿಂತಿತು. ಒಮ್ಮೆಲೇ. ಮೀನುಗಳೂ ಇಲ್ಲ.

ನೀಲಿಯೊಳಗಿಂದ ಅದು ಬಂತು. ಎರಡು ಎತ್ತಿನ ಬಂಡಿ ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ. ಅವಸರವೇ ಇಲ್ಲ. ನಮ್ಮ ಸುತ್ತ ಒಂದು ಸುತ್ತು ಹಾಕಿತು. ಎರಡನೆಯದು ಇನ್ನೂ ಹತ್ತಿರ. ಮೂರನೆಯ ಸುತ್ತಿಗೆ ನನ್ನ ಕಾಲು ಚಾಚಿದರೆ ತಾಗುವಷ್ಟು. ಅದರ ಕಣ್ಣು ನೋಡಿದೆ. ಕರೀ ಗುಂಡಿ. ಅದರೊಳಗೆ ಸಿಟ್ಟು, ಹಸಿವು, ಏನೂ ಇರಲಿಲ್ಲ.

ಆಮೇಲೆ ಅದು ನೇರ ದಸ್ತಗೀರಣ್ಣನ ಕಡೆ ತಿರುಗಿತು. ಅವನು ಅಲುಗಲಿಲ್ಲ. ಬಲಗೈ ಚಾಚಿ ಅಂಗೈಯನ್ನು ಅದರ ಮೂತಿಯ ಮೇಲಿಟ್ಟ. ಅದು ಅವನನ್ನು ನೂಕುತ್ತ, ದೋಣಿಯ ಹಲಗೆಗೆ ಒರಗುವ ತನಕ ಒಯ್ದಿತು. ಶಾರ್ಕಿನ ಚರ್ಮ ಮರಳುಕಾಗದವಿದ್ದಂತೆ. ಅವನ ಅಂಗೈ ಸುಲಿದುಹೋಯಿತು. ಆ ಆಳದಲ್ಲಿ ರಕ್ತ ಕೆಂಪಗಿರುವುದಿಲ್ಲ, ಹಸಿರು ಹೊಗೆಯಂತೆ ಕಾಣುತ್ತದೆ. ಆ ಹೊಗೆ ಅದರ ಬಾಯೊಳಗೆ ಹೋಗುವುದನ್ನು ನಾನು ನೋಡಿದೆ.

ಈಗ ಬಾಯಿ ಹಾಕುತ್ತದೆ ಅಂದುಕೊಂಡೆ. ಹಾಕಲಿಲ್ಲ. ಸುಮ್ಮನೆ ತಿರುಗಿ, ಬಂದಷ್ಟೇ ನಿಧಾನವಾಗಿ ಹೊರಟುಹೋಯಿತು.

ನಮ್ಮ ದೋಣಿಯ ಮೇಲೆ ಅವನ ಕೈಗೆ ಬಟ್ಟೆ ಸುತ್ತುವಾಗ ನಾನು ಅಳುತ್ತ ನಗುತ್ತಿದ್ದೆ. "ಉಳದ್ವಿ ಅಣ್ಣಾ, ಉಳದ್ವಿ!"

ಅವನು ನೀರು ನೋಡುತ್ತಿದ್ದ. "ರುಚಿ ನೋಡಿ ಬಿಟ್ಟೈತಿ, ಬಸು," ಅಂದ. "ಸುಮ್ಮನ ಬಿಟ್ಟಿಲ್ಲ."

ಮರುದಿನವೇ ಗಂಟುಮೂಟೆ ಕಟ್ಟಿದ. ಮತ್ತೆ ಸಮುದ್ರಕ್ಕೆ ಇಳಿಯಲಿಲ್ಲ. ಖಾನಾಪುರದಲ್ಲಿ ಹಂಚಿನ ಕಾರ್ಖಾನೆಯೊಂದರ ಭಟ್ಟಿಗೆ ಸೌದೆ ಹಾಕುವ ಕೆಲಸಕ್ಕೆ ಸೇರಿಕೊಂಡ. ಊರಲ್ಲೇ ಎಲ್ಲಕ್ಕಿಂತ ಒಣಗಿದ, ಎಲ್ಲಕ್ಕಿಂತ ಬಿಸಿಯಾದ ಜಾಗ ಅದು. ನಾನೂ ಮುಂದೆ ಎರಡು ವರ್ಷಕ್ಕೆ ಕಾರವಾರ ಬಿಟ್ಟೆ. ಗುತ್ತಿಗೆದಾರ ಬಿಟ್ಟುಕೊಟ್ಟ, ಸಿಲಿಂಡರ್ ಕೊಳವೆಗಳ ಎರಡು ಹಳೆಯ ಸೆಟ್ಟುಗಳನ್ನು ಬೆಳಗಾವಿಗೆ ತಂದು, ಬಾವಿಗೆ ಬಿದ್ದ ಪಂಪುಗಳನ್ನೂ ಹೆಣಗಳನ್ನೂ ತೆಗೆಯುವ ಕೆಲಸ ಹಿಡಿದೆ.

ನಡುನಡುವೆ ದಸ್ತಗೀರಣ್ಣನ ಮನೆಗೆ ಹೋಗುತ್ತಿದ್ದೆ. ಅವನ ಹೆಂಡತಿ ಹಸೀನಾ ಭಾಬಿ ಒಮ್ಮೆ ಒಲೆಯ ಮುಂದೆ ಕುಳಿತು ಪಿಸುಮಾತಿನಲ್ಲಿ ಹೇಳಿದರು:

"ಬಸಣ್ಣಾ, ಇವರು ಹೊಳಿ ದಂಡಿಗೆ ಹೋಗಂಗಿಲ್ಲರಿ. ಹೊಳಿ ಮ್ಯಾಲಿನ ಪೂಲು ದಾಟೂಮುಂದ ನಟ್ಟನಡುವ ನಡೀತಾರ, ಗಾಡಿ ಬಂದರೂ ಸರಿಯಂಗಿಲ್ಲ. ಏನರ ಹೇಳ್ರಿ ನೀವು."

ನಾನು ನಕ್ಕುಬಿಟ್ಟೆ. ಸಮುದ್ರ ಇರುವುದು ಘಟ್ಟದ ಆಚೆ, ಪಡುವಣಕ್ಕೆ. ಮಲಪ್ರಭೆ ಹರಿಯುವುದು ಮೂಡಣಕ್ಕೆ. ಮಗು ಕೂಡ ಇಷ್ಟು ಬಲ್ಲದು.

ಎಂಬತ್ತರ ದಶಕ ಶುರುವಾಗಿತ್ತು. ಮಳೆಗಾಲ ಮುಗಿದಿತ್ತು, ಹೊಳೆ ಇನ್ನೂ ತುಂಬಿತ್ತು. ಹಂಚು ಹೇರಿದ ಒಂದು ಲಾರಿ ಖಾನಾಪುರದ ಸೇತುವೆಯಿಂದ ಬಿದ್ದು, ಕೆಳಗಿನ ಮಡುವಿನಲ್ಲಿ ಮುಳುಗಿತು. ಡ್ರೈವರ್ ಒಳಗೇ ಇದ್ದ. ಮಧ್ಯಾಹ್ನ ಖಾನಾಪುರ ಪೊಲೀಸ್ ಠಾಣೆಯ ಫೌಜದಾರ ಸಾಹೇಬರ ಜೀಪು ನನ್ನನ್ನು ಕರೆಯಲು ಶಹಾಪುರಕ್ಕೆ ಬಂತು. ಎರಡೂ ಸೆಟ್ಟು ಹೇರಿಕೊಂಡು ಪೀರನವಾಡಿ, ದೇಸೂರ ದಾಟಿ ಹೋದೆವು.

ದಂಡೆಯಲ್ಲಿ ಜನವೋ ಜನ. ಡ್ರೈವರನ ತಮ್ಮ ತುಕಾರಾಮ ನನ್ನ ಎರಡೂ ಕೈ ಹಿಡಿದುಕೊಂಡ. ಮರಾಠಿಯಲ್ಲಿ ಒಂದೇ ಸಮನೆ, "ದಾದಾ, ಭಾವಾಲಾ ಕಾಢಾ... ಭಾವಾಲಾ ಕಾಢಾ," ಅಣ್ಣನನ್ನು ತೆಗೆಯಿರಿ ಎಂದು. ಅಣ್ಣ ಬದುಕಿಲ್ಲವೆಂಬುದು ಅವನಿಗೂ ಗೊತ್ತಿತ್ತು. ಮನೆಗೆ ಒಯ್ಯಲು ಒಂದು ಮೈಯಾದರೂ ಬೇಕಿತ್ತು.

ಮೊದಲು ಒಬ್ಬನೇ ಇಳಿದೆ. ಕಂದು ನೀರು, ಮೊಳದಾಚೆ ಕಾಣದು. ಕ್ಯಾಬಿನ್ನು ಚಾವಣಿಯ ತನಕ ನೀರು ತುಂಬಿ ವಾಲಿತ್ತು. ಬಾಗಿಲಿಗೆ ಹಂಚಿನ ರಾಶಿ ಒರಗಿತ್ತು. ಒಬ್ಬ ಬಾಗಿಲು ಮೀಟಿ ಹಿಡಿಯಬೇಕು, ಇನ್ನೊಬ್ಬ ಎಳೆಯಬೇಕು. ಒಬ್ಬನಿಂದ ಆಗದ ಕೆಲಸ. ಮೇಲೆ ಬಂದು ಸೀದಾ ಭಟ್ಟಿಗೆ ನಡೆದೆ.

ದಸ್ತಗೀರಣ್ಣ ಬೆಂಕಿಯ ಮುಂದೆ ಬೆವರು ಸುರಿಸುತ್ತ ನಿಂತಿದ್ದ. ನನ್ನ ಒದ್ದೆ ಚಡ್ಡಿ ನೋಡಿ ಹಿಂದೆ ಸರಿದ.

"ಒಲ್ಲೆ," ಅಂದ, ನಾನು ಬಾಯಿ ತೆರೆಯುವ ಮೊದಲೇ.

"ಅಣ್ಣಾ, ಇದು ಹೊಳಿ. ಸಮುದ್ರ ಅಲ್ಲ."

"ನೀರ ಹೌದಲ್ಲೋ."

"ಎಲ್ಲಿಯ ಕಾರವಾರ, ಎಲ್ಲಿಯ ಖಾನಾಪುರ! ಘಟ್ಟಾ ಹತ್ತಿ ಬರ್ತತೇನು ಅದು?"

ಅವನು ಮತ್ತೊಂದು ಸೌದೆ ಎತ್ತಿಕೊಂಡ. ಆಗ ನಾನು ಆಡಬಾರದ ಮಾತು ಆಡಿದೆ. "ಅಲ್ಲಿ ಒಬ್ಬಾಂವ ಅಣ್ಣನ ಹೆಣಾ ಕೊಡ್ರಿ ಅಂತ ಕಾಲು ಹಿಡೀತಾನ. ನೀ ಇಲ್ಲಿ ಬೆಂಕಿ ಕಾಸ್ಕೋತ ಕುಂದರು. ಭಾಬಿಗೆ ಹೇಳ್ತೇನಿ, ನಿನ್ನ ಗಂಡ ಬಳಿ ಹಾಕ್ಕೊಂಡಾನ ಅಂತ."

ಅವನು ತನ್ನ ಬಲ ಅಂಗೈಯನ್ನು ನೋಡಿಕೊಂಡ. ಆಮೇಲೆ ಕೈಯಲ್ಲಿದ್ದ ಸೌದೆಯನ್ನು ಮೆಲ್ಲಗೆ ಕೆಳಗಿಟ್ಟ. "ನಡಿ," ಅಂದ.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಇಳಿದೆವು. ಅವನ ಹಗ್ಗ ತುಕಾರಾಮನ ಕೈಯಲ್ಲಿ, ನನ್ನದು ಒಬ್ಬ ಪೊಲೀಸಿನವನ ಕೈಯಲ್ಲಿ. ದಂಡೆಯ ತುಂಬ ಕಪ್ಪೆಗಳು ಕಿವಿ ಕಿವುಡಾಗುವಂತೆ ಒದರುತ್ತಿದ್ದವು. ದಸ್ತಗೀರಣ್ಣ ಎದೆಮಟ್ಟದ ನೀರಿನಲ್ಲಿ ನಿಂತು ಅದನ್ನೇ ಕೇಳಿಸಿಕೊಳ್ಳುತ್ತಿದ್ದ. "ಒದರಾಕತ್ತಾವ," ಅಂದ, ಸ್ವಲ್ಪ ಸಮಾಧಾನದಿಂದ. ಕೊಳವೆ ಬಾಯಿಗೆ ಇಟ್ಟುಕೊಂಡ.

ಕೆಳಗೆ ಕತ್ತಲೆ. ನನ್ನ ಟಾರ್ಚಿನ ಬೆಳಕು ಚಹಾದಂತಹ ನೀರಿನಲ್ಲಿ ಒಂದು ಮಾರು ಹೋಗಿ ಸಾಯುತ್ತಿತ್ತು. ನಾನು ಬಾಗಿಲಿಗೆ ಕಬ್ಬಿಣದ ಹಾರೆ ಹಾಕಿ ಮೀಟಿದೆ. ಅವನು ತಲೆ ಒಳಗೆ ಹಾಕಿದ. ಡ್ರೈವರನ ತೋಳು ಹೊರಗೆ ಬಂತು, ಆಮೇಲೆ ಭುಜ. ಆಯಿತು, ಇನ್ನೇನು ಬಂತು ಅಂದುಕೊಂಡೆ...

ಆಗ ಕೊಳವೆಯ ಪಕ್ಕದಿಂದ ಒಂದು ಹನಿ ನೀರು ನನ್ನ ನಾಲಿಗೆಗೆ ತಾಗಿತು.

ಉಪ್ಪು.

ಬೆವರಿನ ಉಪ್ಪಲ್ಲ. ಕಾರವಾರದ ಉಪ್ಪು. ಹದಿನೆಂಟು ಮೊಳ ಆಳದಲ್ಲಿ, ಮಲಪ್ರಭೆಯ ನಡುವೆ, ಬಾಯಿತುಂಬ ಸಮುದ್ರ.

ನೀರು ತಣ್ಣಗಾಯಿತು. ನನ್ನ ಬೆನ್ನ ಹಿಂದೆ ಏನೋ ಹಾದು ಹೋಯಿತು. ದೊಡ್ಡದೊಂದು ಬಾಗಿಲು ಮುಚ್ಚಿದಾಗ ಗಾಳಿ ನೂಕುತ್ತದಲ್ಲ, ಹಾಗೆ ನೀರು ನನ್ನನ್ನು ನೂಕಿತು. ಟಾರ್ಚು ತಿರುಗಿಸಿದೆ. ಬೂದು ಬಣ್ಣದ ಒಂದು ಗೋಡೆ ಹರಿಯುತ್ತಿತ್ತು. ಅದು ಮುಗಿಯಲೇ ಇಲ್ಲ. ಅದರ ಪಕ್ಕೆಯಲ್ಲಿ ಐದು ಸೀಳುಗಳು ತೆರೆದು ಮುಚ್ಚಿದವು. ಹೋಗುತ್ತ ನನ್ನ ಎಡ ತೋಳಿಗೆ ಉಜ್ಜಿತು. ನೋವಾಗಲಿಲ್ಲ, ಬರೀ ಬಿಸಿಯೆನಿಸಿತು.

ದಸ್ತಗೀರಣ್ಣ ನೋಡಿದ್ದ. ಗಾಜಿನ ಹಿಂದೆ ಅವನ ಕಣ್ಣು ಕಂಡೆ. ಆ ಕಣ್ಣಲ್ಲಿ ಬೆರಗಿರಲಿಲ್ಲ. ಬಹಳ ದಿನದಿಂದ ಬರಬೇಕಾದವರು ಬಂದಾಗ ಮನುಷ್ಯ ನೋಡುತ್ತಾನಲ್ಲ, ಹಾಗೆ ನೋಡಿದ. ಹೆಣದ ತೋಳು ಬಿಟ್ಟ. ಕಾಲಿನಿಂದ ನನ್ನನ್ನು ಮೇಲಕ್ಕೆ ಒದ್ದ. ಆಮೇಲೆ ಕತ್ತಲೆಯ ಕಡೆ ತಿರುಗಿ, ಬಲಗೈ ಚಾಚಿ, ಅಂಗೈ ಅಗಲಿಸಿ ನಿಂತ.

ನಾನು ಬೆನ್ನು ತೋರಿಸಿ ಓಡಿದೆ.

ಮೇಲೆ ಬಂದಾಗ ಮೊದಲು ಗಮನಿಸಿದ್ದು ನಿಶ್ಶಬ್ದ. ಒಂದು ಕಪ್ಪೆಯೂ ಒದರುತ್ತಿರಲಿಲ್ಲ.

"ಎಳೀರಿ! ಅವನ್ನ ಎಳೀರಿ!" ಎಂದು ಕಿರುಚಿದೆ. ತುಕಾರಾಮ ಎಳೆದ. ನಾಲ್ಕು ಜನ ಸೇರಿ ಎಳೆದರು. ಬಂಡೆಗೆ ಕಟ್ಟಿದಂತೆ ಹಗ್ಗ ಅಲುಗಲಿಲ್ಲ.

ಅಷ್ಟರಲ್ಲಿ ತುಕಾರಾಮ, "ಥಾಂಬಾ, ನಿಂದರ್ರಿ!" ಅಂದ. "ಜಗ್ಗಿದ್ರು... ಒಂದ ಸಲ ಜಗ್ಗಿದ್ರು."

ಒಂದು ಸಲ. ಆರಾಮ ಇದ್ದೇನೆ.

ಫೌಜದಾರ ಸಾಹೇಬರು ನನ್ನ ಭುಜ ಹಿಡಿದರು. ತೋಳಿನಿಂದ ರಕ್ತ ಸುರಿಯುತ್ತಿತ್ತು. "ಏನಾತು? ಕೆಳಗ ಏನೈತಿ?"

"ಮೋರಿ," ಅಂದೆ. "ಶಾರ್ಕ್ ಐತ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ಮೊಸಳಿ ಇರಬೇಕು. ಮತ್ತ ಇಳೀತೀಯೇನು?"

"ಗಾಳಿ ಮುಗದೈತ್ರಿ," ಅಂದೆ.

ಮುಗಿದಿರಲಿಲ್ಲ. ಇನ್ನೂ ಇಪ್ಪತ್ತು ನಿಮಿಷದ ಗಾಳಿ ನನ್ನ ಬೆನ್ನ ಮೇಲಿತ್ತು. ಇದನ್ನು ಇವತ್ತಿನವರೆಗೆ ಹೆಂಡತಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಸ್ವಲ್ಪ ಹೊತ್ತಿಗೆ ಮತ್ತೆ ಜಗ್ಗಿತು. ಒಂದು ಸಲ. ಜನ, "ಬದುಕ್ಯಾನ, ಬದುಕ್ಯಾನ," ಎಂದು ಕೂಗಿದರು. ಕ್ಯಾಬಿನ್ನಿನಲ್ಲಿ ಗಾಳಿ ಉಳಿದಿರಬೇಕು, ಅಲ್ಲಿ ಸೇರಿಕೊಂಡಿರಬೇಕು ಎಂದು ಯಾರೋ ಅಂದರು. ನಾನು ಆ ಕ್ಯಾಬಿನ್ನು ನೋಡಿದ್ದೆ. ಅಲ್ಲಿ ಒಂದು ಗುಳ್ಳೆ ಗಾಳಿಯೂ ಇರಲಿಲ್ಲ.

ಸುದ್ದಿ ತಿಳಿದು ಹಸೀನಾ ಭಾಬಿ ಓಡಿ ಬಂದರು. ಯಾರನ್ನೂ ಏನೂ ಕೇಳಲಿಲ್ಲ. ತುಕಾರಾಮನ ಕೈಯಿಂದ ಹಗ್ಗ ತೆಗೆದುಕೊಂಡು ದಂಡೆಯ ಕೆಸರಿನಲ್ಲಿ ಕುಳಿತರು. ಹಗ್ಗ ಜಗ್ಗಿದಾಗ ಅವರ ಮುಖ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಅರಳಿತು.

"ಹೌದೌದು, ಇವರ ಕೈನ," ಅಂದರು. "ಬಸಣ್ಣಾ, ಬರ್ರಿ, ಹಿಡದು ನೋಡ್ರಿ."

ಹಿಡಿದೆ. ಹಿಡಿಯಬಾರದಿತ್ತು. ದಸ್ತಗೀರಣ್ಣ ಹಗ್ಗ ಜಗ್ಗುವುದರಲ್ಲಿ ಒಂದು ರೀತಿಯಿತ್ತು, ಚಿಕ್ಕದಾಗಿ ಎಳೆದು, ಕೊನೆಗೆ ಬೆರಳು ಸಡಿಲ ಬಿಡುವುದು. ಎಷ್ಟೋ ವರ್ಷ ಅದನ್ನು ಅಂಗೈಯಲ್ಲಿ ಓದಿದವನು ನಾನು. ಅದು ಅವನದೇ ಕೈ.

ಗಂಟೆ ಒಂಬತ್ತಾಯಿತು. ಹತ್ತಾಯಿತು. ಅವನ ಸಿಲಿಂಡರಿನಲ್ಲಿ ಇದ್ದದ್ದು ಮುಕ್ಕಾಲು ಗಂಟೆಯ ಗಾಳಿ. ಜನ ಒಬ್ಬೊಬ್ಬರೇ ಸುಮ್ಮನಾದರು. ಆಮೇಲೆ ಒಬ್ಬೊಬ್ಬರೇ ಮನೆಗೆ ಹೋದರು, ಹಿಂತಿರುಗಿ ನೋಡದೆ. ಹಗ್ಗ ಮಾತ್ರ ಜಗ್ಗುತ್ತಲೇ ಇತ್ತು. ಒಂದು ಸಲ... ತಡೆದು, ಮತ್ತೆ ಒಂದು ಸಲ. ದಂಡೆಯ ತುಂಬ ಒಣಮೀನಿನ, ಸಮುದ್ರದ ವಾಸನೆ. ಫೌಜದಾರ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು, ಜೀಪಿಗೆ ಕಟ್ಟಿ ಹಗ್ಗ ಎಳೆಯೋಣ ಅಂದರು.

ಭಾಬಿ ಹಗ್ಗವನ್ನು ಎದೆಗೆ ಒತ್ತಿಕೊಂಡರು. "ಯಾಕ ಎಳೀತೀರಿ? ಆರಾಮ ಅದೀನಿ ಅಂತ ಹೇಳಾಕತ್ತಾರಲ್ರಿ. ಎಳದ್ರ ಅವರಿಗೆ ಪೆಟ್ಟಾಗ್ತತಿ. ಕೆಲಸ ಮುಗದ ಮ್ಯಾಲ ಬರ್ತಾರ."

ಎಳೆಯುವ ಧೈರ್ಯ ಯಾರಿಗೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಏನು ಮೇಲೆ ಬರುತ್ತದೋ ಎಂಬ ಹೆದರಿಕೆ ಎಲ್ಲರಿಗೂ ಇತ್ತು.

ಮಸೀದಿಯಿಂದ ಬೆಳಗಿನ ಬಾಂಗ್ ಕೇಳಿದಾಗ ಹಗ್ಗ ನಿಂತಿತು. ಕಾದೆವು. ಮತ್ತೆ ಜಗ್ಗಲಿಲ್ಲ. ತಾನಾಗಿಯೇ ಸಡಿಲಾಗಿ ನೀರಿನ ಮೇಲೆ ತೇಲಿತು. ಎಳೆದುಕೊಂಡೆವು. ತುದಿಯಲ್ಲಿ ಸೊಂಟದ ಕುಣಿಕೆ ಹಾಗೆಯೇ ಇತ್ತು, ನಾನೇ ಹಾಕಿದ ಗಂಟು ಬಿಚ್ಚಿರಲಿಲ್ಲ, ಹಗ್ಗ ಹರಿದಿರಲಿಲ್ಲ. ಒಳಗೆ ಮನುಷ್ಯ ಮಾತ್ರ ಇರಲಿಲ್ಲ.

ಮೂರನೆಯ ದಿನ ಸರಪಳಿ ಹಾಕಿ ಲಾರಿಯನ್ನು ಎಳೆದರು. ಡ್ರೈವರನ ಹೆಣವೂ ಅದರಲ್ಲಿ ಇರಲಿಲ್ಲ. ತುಕಾರಾಮ ಬರಿಗೈಯಲ್ಲಿ ಊರಿಗೆ ಹೋದ. ಹಂಚಿನ ರಾಶಿಯಲ್ಲಿ ದಸ್ತಗೀರಣ್ಣನ ಸಿಲಿಂಡರ್ ಸಿಕ್ಕಿತು. ಗಾಳಿ ಎಷ್ಟಿದೆಯೆಂದು ತೋರಿಸುವ ಅದರ ಮುಳ್ಳು ನೋಡಿದೆ. ಅರ್ಧಕ್ಕಿಂತ ಹೆಚ್ಚು ಗಾಳಿ ಹಾಗೆಯೇ ಉಳಿದಿತ್ತು. ನಾನು ಮೇಲೆ ಬಂದ ಕೆಲವೇ ನಿಮಿಷಗಳಲ್ಲಿ ಅವನು ಉಸಿರಾಡುವುದನ್ನು ಬಿಟ್ಟಿದ್ದ. ಹಾಗಾದರೆ ಬೆಳಗಿನ ತನಕ...

ಕಾಗದಪತ್ರದಲ್ಲಿ ಮೊಸಳೆ ಎಂದು ಬರೆದರು. ನಾನು ಸಹಿ ಹಾಕಿದೆ. ಬೆಳಗಾವಿಯ ಡಾಕ್ಟರು ನನ್ನ ತೋಳು ತೊಳೆಯುತ್ತ, "ಡಾಂಬರು ರಸ್ತೆ ಮೇಲೆ ಎಷ್ಟು ದೂರ ಎಳೆದುಕೊಂಡು ಹೋಯಿತಪ್ಪಾ ನಿನ್ನ?" ಎಂದು ಕೇಳಿದರು. ಅವತ್ತಿನಿಂದ ನಾನು ಮಗ್ಗದ ಮುಂದೆ ಕುಳಿತವನು. ನೀರಿಗೆ ಇಳಿದಿಲ್ಲ.

ಮಸೀದಿಯ ಹಿರಿಯರು ಮೈಯಿಲ್ಲದೆಯೇ ಸತ್ತವರ ನಮಾಜು ಮಾಡಿ ಮುಗಿಸೋಣ ಅಂದರು. ಭಾಬಿ ಒಪ್ಪಲಿಲ್ಲ. ಬಳೆ ತೆಗೆಯಲಿಲ್ಲ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು, ಕೂರಲಿಲ್ಲ. ತವರಿನವರು ಮತ್ತೊಂದು ಮದುವೆ ಮಾಡುತ್ತೇವೆಂದು ಬಂದರೆ, "ಗಂಡ ಇದ್ದಾಕಿಗೆ ಎಂಥಾ ಮದವಿ?" ಎಂದು ಕಳಿಸಿದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಈಗ ತಲೆಯೆಲ್ಲ ಬೆಳ್ಳಗಾಗಿದೆ.

ವರ್ಷಕ್ಕೊಮ್ಮೆ ಹೋಗುತ್ತೇನೆ. ಚಹಾ ಮಾಡಿ ಕೊಡುತ್ತಾರೆ, ಮಕ್ಕಳ ಬಗ್ಗೆ ವಿಚಾರಿಸುತ್ತಾರೆ. ಏಳುವ ಹೊತ್ತಿಗೆ ಬಾಗಿಲ ತನಕ ಬಂದು ಅದೇ ಮಾತನ್ನು, ಸಣ್ಣ ದನಿಯಲ್ಲಿ, ಕೇಳುತ್ತಾರೆ.

"ನೀವೂ ಹಗ್ಗಾ ಹಿಡದಿದ್ರಿ, ಬಸಣ್ಣಾ. ಖರೇ ಹೇಳ್ರಿ. ಅವರ ಕೈ ಹೌದಲ್ರಿ?"

ಅಲ್ಲ ಎಂದು ಒಂದು ಸುಳ್ಳು ಹೇಳಿದರೆ ಆ ಹೆಣ್ಣಿಗೆ ಬಿಡುಗಡೆ. ಪ್ರತಿ ಸಲ ಅದನ್ನೇ ಹೇಳಬೇಕೆಂದು ಬೆಳಗಾವಿಯಿಂದ ಹೊರಡುತ್ತೇನೆ. ಆದರೆ ಬಾಯಿ ಬರುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು, ತಲೆ ಬಗ್ಗಿಸಿ, "ಹೌದ್ರಿ, ಭಾಬಿ," ಅನ್ನುತ್ತೇನೆ.